ಕೆಂಪು ಬಾವುಟದ ದಿನ

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಕೋಮಲ ಸುದ್ದಿ ಹೇಳಿದಳು. ಅವಳು ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೆರಿಗೆ ವಿಷಯದಲ್ಲೇ ಹೆಚ್ಚಿನ ತರಬೇತಿ ಕೊಡುವುದಕ್ಕೆ ಇಲಾಖೆಯವರು ಕೆಲವರನ್ನು ಆರಿಸಿದ್ದರು, ಅವರಲ್ಲಿ ಅವಳೂ ಒಬ್ಬಳು. ತರಬೇತಿ ಉಡುಪಿಯಲ್ಲಿ. ಒಂದೂವರೆ ವರ್ಷ. ಸಂಬಳ ನಿಲ್ಲುವುದಿಲ್ಲ, ತಿಂಗಳಿಗೊಮ್ಮೆ ತಮ್ಮೂರು ಹೆಮ್ಮಿಗೆಗೆ ಬಂದು ಹೋಗಬಹುದು.

ಮುದ್ದೆ ಮುರಿಯುತ್ತಿದ್ದ ಅತ್ತೆ ಸಾಕಮ್ಮನ ಕೈ ನಿಂತಿತು.

"ಒಂದೂವರೆ ವರ್ಸವಾ?"

"ಹೂಂ ಅತ್ತೆ. ನವೆಂಬರ್‌ನಿಂದ."

"ಮತ್ತೆ ಐಕ್ಳು?"

"ಇಲ್ಲೇ ಇರ್ತಾರೆ. ನೀವಿದ್ದೀರ, ಮಾವ ಇದ್ದಾರೆ, ಇವರಿದ್ದಾರೆ."

"ಓ, ನಾನಿವ್ನಿ! ಮುಸ್ರೆ ತಿಕ್ಕಕೆ ನಾನಿವ್ನಿ, ಐಕ್ಳ ಮೂಗೊರಸಕೆ ನಾನಿವ್ನಿ. ಅಲ್ಲ, ನಿಂಗೆ ಎರಿಗೆ ಮಾಡ್ಸಕೆ ಬರಕಿಲ್ವಾ? ಇಷ್ಟು ವರ್ಸದಿಂದ ಅದ್ನೇ ತಾನೆ ಮಾಡ್ತಿರದು? ಇನ್ನೇನವ್ವ ಕಲಿಯದು?"

"ಬರ್ತದೆ ಅತ್ತೆ. ಇನ್ನೂ ಚೆನ್ನಾಗಿ ಬರ್ಬೇಕು."

ಸಾಕಮ್ಮ ಮಗನ ಕಡೆ ತಿರುಗಿದಳು. ಜಗನ್ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಪಾಳಿ ಕೆಲಸ ಮಾಡಿ ಮಾಡಿ, ಮನೆಯಲ್ಲಿ ಯಾವ ಜಗಳ ಎಲ್ಲಿಗೆ ಬಂದು ನಿಂತಿದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

"ನೀನೇನ್ಲಾ ಅಂತೀಯ?"

"ನೋಡುವ ಕಣವ್ವ."

"ಏನ್ ನೋಡೀಯೆ? ಸಾರ್ನಾ?"

ಮಕ್ಕಳಿಬ್ಬರೂ ನಕ್ಕರು. ದೊಡ್ಡವಳು ಪಲ್ಲವಿ ಆರನೇ ಕ್ಲಾಸು, ಚಿಕ್ಕವಳು ಶಾಂತಿ ಒಂದನೇ ಕ್ಲಾಸು. ನಗು ಮುಗಿಯುವುದರೊಳಗೆ ಶಾಂತಿಗೆ ಅಮ್ಮ ಹೋಗುತ್ತಾಳೆಂಬುದು ಅರ್ಥವಾಗಿ, ತಟ್ಟೆಯ ಮುಂದೆಯೇ ಬಾಯಿ ಬಿಟ್ಟು ಅಳತೊಡಗಿದಳು.

"ನೋಡು, ಈಗಿಂದ್ಲೇ ಸುರುವಾಯ್ತು," ಎಂದಳು ಸಾಕಮ್ಮ.

"ಮೊದ್ಲು ಉಣ್ರೋ," ಎಂದ ಪುಟ್ಟಬಸವಯ್ಯ. ಸಾಕಮ್ಮನ ಗಂಡ, ನಾಲೆ ಕೆಳಗಿನ ಗದ್ದೆ ನೋಡಿಕೊಂಡಿರುವ ಮನುಷ್ಯ. "ಉಡುಪಿ ಎಲ್ಲೂ ಓಡೋಗಕಿಲ್ಲ."

ಆ ವಾರವೆಲ್ಲ ಸಾಕಮ್ಮ ಕೆಲಸ ಒಂದೂ ಬಿಡಲಿಲ್ಲ, ಮಾತು ಬಿಟ್ಟಳು. ಬೆಳಿಗ್ಗೆ ಕೋಮಲಳ ಡಬ್ಬಿಗೆ ಚಿತ್ರಾನ್ನ ತುಂಬಿ ಹೊಸಿಲ ಹತ್ತಿರ ಇಡುವಳು. ಡಬ್ಬಿ ನೆಲಕ್ಕೆ ತಗಲುವ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು. ಕೋಮಲ ಅದನ್ನು ಎತ್ತಿಕೊಂಡು, "ಬರ್ತೀನಿ ಅತ್ತೆ," ಎನ್ನುವಳು. ಸಂಜೆ ಬಂದು ಅವಳೇ ಪಾತ್ರೆ ತೊಳೆದರೆ, ಸಾಕಮ್ಮ ಅದೇ ಪಾತ್ರೆಗಳನ್ನು ಇನ್ನೊಮ್ಮೆ ತೊಳೆಯುವಳು.

ಪಲ್ಲವಿ ಒಂದು ದಿನ ತಾನೇ ಎರಡು ಜಡೆ ಹೆಣೆದುಕೊಂಡು ಬಂದು ಅಜ್ಜಿಯ ಮುಂದೆ ನಿಂತಳು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕತ್ತಿನ ಕೆಳಗಿತ್ತು.

"ನಂಗೆ ಬರ್ತದೆ ಅಜ್ಜಿ. ಅಮ್ಮ ಓಗದಾದ್ರೆ ಓಗ್ಲಿ."

"ನೀನು ಈ ಮೊಖ ತಕಂಡು ಇಸ್ಕೂಲಿಗೆ ಓದ್ರೆ ಮೇಷ್ಟ್ರು ಎದ್ರಿ ಓಡೋಯ್ತಾರೆ. ಬಾ ಇಲ್ಲಿ."

ಬಿಚ್ಚಿ ಮತ್ತೆ ಹೆಣೆಯುತ್ತಾ ಸಾಕಮ್ಮ ಕೇಳಿದಳು: "ನಿಮ್ಮವ್ವ ಓಗ್ಬುಟ್ರೆ ನಿಂಗೆ ಬೇಜಾರಿಲ್ವಾ?"

"ಅದೆ," ಎಂದಳು ಪಲ್ಲವಿ. "ಆದ್ರೆ ಅಮ್ಮ ಕ್ಲಾಸಿಗೇ ಫಸ್ಟ್ ಬಂದಂಗೆ ಅಲ್ವಾ ಇದು?"

ದಸರಾ ರಜೆ ಬಂತು. ಉಡುಪಿ ಹೇಗಿದೆ, ತಾನೆಲ್ಲಿ ಇರುತ್ತೇನೆ, ಎಲ್ಲರೂ ಬಂದು ನೋಡಲಿ, ಹಾಗೆಯೇ ಮಕ್ಕಳಿಗೂ ಸಮುದ್ರ ತೋರಿಸಿದಂತಾಯಿತು ಎಂದು ಕೋಮಲ ನಾಲ್ಕು ದಿನದ ಪ್ರವಾಸ ಗೊತ್ತು ಮಾಡಿದಳು. ಮಲ್ಪೆಯಲ್ಲಿ ಕಡಲಿಗೆ ಹತ್ತಿರದ ಲಾಡ್ಜ್.

"ನಾನ್ ಬರಕಿಲ್ಲ," ಎಂದಳು ಸಾಕಮ್ಮ. "ನನ್ನ ಕರ್ಕಂಡೋಗಿ ಉಪ್ಪು ನೀರು ತೋರ್ಸಿ ಒಪ್ಸಕೆ ನೋಡ್ತಾವ್ಳೆ."

"ಹೌದು ಅತ್ತೆ, ಅದಕ್ಕೇ," ಎಂದಳು ಕೋಮಲ.

ಪುಟ್ಟಬಸವಯ್ಯ ಆಗಲೇ ತನ್ನ ಬಿಳಿ ಪಂಚೆ ಒಗೆದು ಒಣಹಾಕಿದ್ದ. "ನಾನು ಓಯ್ತೀನಿ ಕಣ್ ಸಾಕಿ. ಸಾಯಗಂಟ ಕಪಿಲೆ ಕಾವೇರಿ ಎರಡ್ನೇ ನೋಡ್ಕಂಡಿರ್ಬೇಕಾ? ಅವೆರಡೂ ಕೂಡ್ಕಂಡು ಓಗದೆಲ್ಲಿಗೆ, ಅದ್ನೂ ನೋಡ್ಬುಡುವ."

"ಕಾವೇರಿ ಆ ಕಡೆ ಸಮುದ್ರಕ್ಕೆ ಓಗಲ್ಲ ತಾತ, ಇನ್ನೊಂದ್ ಕಡೆದು," ಎಂದಳು ಪಲ್ಲವಿ.

"ನೀರೆಲ್ಲಾ ಒಂದೇ ಬುಡು."

ಗಂಡ ಹೊರಟ ಮೇಲೆ ಸಾಕಮ್ಮ ಒಬ್ಬಳೇ ಮನೆಯಲ್ಲಿ ಕೂರಲಾರದೆ, ಒಂದು ಚೀಲ ರಾಗಿ ಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತಿದಳು.

ಮಡಿಕೇರಿ ದಾಟಿ ಘಾಟಿ ಇಳಿಯುವಾಗಲೇ ಮಳೆ ಹಿಡಿಯಿತು. ಮಲ್ಪೆಯಲ್ಲಿ ಇಳಿದಾಗ ಮಳೆ, ರಾತ್ರಿಯೆಲ್ಲ ಮಳೆ, ಬೆಳಿಗ್ಗೆ ಎದ್ದರೂ ಮಳೆ. ಕಡಲಲ್ಲಿ ವಾಯುಭಾರ ಕುಸಿದಿದೆ, ಯಾರೂ ನೀರಿಗೆ ಇಳಿಯಕೂಡದು ಎಂದು ಲಾಡ್ಜಿನವರು ಹೇಳಿದರು. ಕಿಟಕಿಯಿಂದ ನೋಡಿದರೆ ಮರಳಿನ ಮೇಲೆ ಸಾಲಾಗಿ ನೆಟ್ಟ ಕೆಂಪು ಬಾವುಟಗಳು, ಅವುಗಳ ಆಚೆ ಬರೀ ಬೂದಿ ಬಣ್ಣದ ಮಳೆ. ಹತ್ತಿರದ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವ ದೋಣಿಯೂ ನಿಂತಿತ್ತು.

"ನೀರಲ್ಲಿ ಆಡ್ಬೇಕು," ಎಂದಳು ಶಾಂತಿ.

"ಬಾವುಟ ಹಾಕವ್ರೆ ಕಣಮ್ಮ," ಎಂದ ಪುಟ್ಟಬಸವಯ್ಯ.

"ಬಾವುಟ ಇಲ್ದಿರೋ ಕಡೆ ಆಡ್ತೀನಿ."

ಜಗನ್ ಕಂಬಳಿ ಹೊದ್ದು ಟೀವಿ ಹಾಕಿಕೊಂಡ. ವಾರಗಟ್ಟಲೆ ನಿದ್ದೆ ಬಾಕಿ ಇದ್ದವನಿಗೆ ಮಳೆ ದೇವರು ಕೊಟ್ಟ ರಜೆಯಂತೆ ಕಂಡಿತು. ಸಾಕಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಬೆಳಗಿನ ತಿಂಡಿಗೆ ಬಂದ ನೀರುದೋಸೆ ಅವಳಿಗೆ ಹಿಡಿಸಿರಲಿಲ್ಲ. "ಇದೇನು ದೋಸೆನೋ, ಕರ್ಚೀಪೋ! ಈ ಊರಲ್ಲಿ ಮನ್ಸ್ರು ಒಟ್ಟೆಗೇನು ತಿಂತಾರೆ? ಇಲ್ಲಿ ಒಂದೂವರೆ ವರ್ಸ ಇದ್ರೆ ಕಡ್ಡಿ ಆಗೋಯ್ತಾಳೆ."

"ನಾಳೆ ಬಸ್ಸಿಗೇ ಹೊರಟುಬಿಡೋಣ್ವಾ?" ಎಂದ ಜಗನ್ ಕಂಬಳಿಯೊಳಗಿಂದ. "ಮಳೆ ಬಿಡೋ ಅಂಗೆ ಕಾಣಲ್ಲ."

ಕೋಮಲ ಎದ್ದು ಟೀವಿ ಆರಿಸಿದಳು.

"ಎಲ್ಲಾರೂ ಎದ್ದೇಳಿ. ಮಳೇಲಿ ಈ ಊರಿನೋರು ಒಲೆ ಹಚ್ಚಲ್ವಾ? ಆಸ್ಪತ್ರೆಗೆ ಹೋಗಲ್ವಾ? ನಾವೂ ಊರು ನೋಡೋಣ. ಆರು ಜನಕ್ಕೆ ಮೂರು ಕೊಡೆ ಅವೆ. ಏಳಿ."

"ಎಲ್ಲಿಗೆ?"

"ಮೊದ್ಲು ಬಂದ ಬಸ್ಸಿಗೆ."

ಮೊದಲು ಅವರು ನಡೆದೇ ಬಂದರಿಗೆ ಹೋದರು. ಎಚ್ಚರಿಕೆ ಕೊಟ್ಟಿದ್ದರಿಂದ ಕಡಲಿಗೆ ಹೋಗಿದ್ದ ದೋಣಿಗಳೆಲ್ಲ ವಾಪಸು ಬಂದು ಒಂದಕ್ಕೊಂದು ಅಂಟಿ ನಿಂತಿದ್ದವು. ಒಂದರ ಮೇಲೆ ಕಾಲಿಟ್ಟರೆ ಆಚೆ ದಡದವರೆಗೂ ದೋಣಿಯ ಮೇಲೇ ನಡೆದುಹೋಗಬಹುದು ಎನಿಸುವಷ್ಟು. ಪುಟ್ಟಬಸವಯ್ಯ ಹಗ್ಗದ ದಪ್ಪ ನೋಡಿದ, ಲಂಗರು ನೋಡಿದ, ಬಲೆ ಹೊಲಿಯುತ್ತಿದ್ದವನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಬೀಡಿಯ ಹೊತ್ತು ಮಾತಾಡಿದ. ಶಾಂತಿಗೆ ಒಂದು ಬುಟ್ಟಿಯಲ್ಲಿ ಜೀವಂತ ಏಡಿ ಕಂಡಿತು. ಅದು ಕಾಲು ಆಡಿಸಿದಾಗಲೆಲ್ಲ ಅವಳು ಕಿರುಚಿ ಹಿಂದಕ್ಕೆ ಹಾರಿ, ಮತ್ತೆ ಹತ್ತಿರ ಹೋಗುತ್ತಿದ್ದಳು. ಮೀನು ಮಾರುತ್ತಿದ್ದ ಹೆಂಗಸು ನಕ್ಕು, "ಕಚ್ಚುವುದಿಲ್ಲ ಮಗಾ, ಮುಟ್ಟು," ಎಂದಳು. ಆಮೇಲೆ ಸಾಕಮ್ಮನನ್ನು ನೋಡಿ, "ಯಾವ ಊರಿನವರು ನೀವು? ಈ ಗಾಳಿಗೆ ಕೊಡೆ ಹೀಗೆ ಹಿಡಿಯುವುದಾ? ಬಗ್ಗಿಸಿ ಹಿಡಿಯಿರಿ," ಎಂದು ಗದರಿದಳು. ಸಾಕಮ್ಮ ಕೊಡೆ ಬಗ್ಗಿಸಿದಳು. ಅಷ್ಟರಲ್ಲಿ ಸೆರಗು ಪೂರ್ತಿ ನೆನೆದಿತ್ತು, ಆದರೂ ಹೋಗೋಣ ಎನ್ನಲಿಲ್ಲ.

ಅಲ್ಲಿಂದ ಸಿಟಿ ಬಸ್ಸು. ಕಂಡಕ್ಟರು ಶಿಳ್ಳೆ ಊದಿ, "ಎಲ್ಲಿಗೆ ಮಾರಾಯ್ರೆ?" ಎಂದ.

"ಕೊನೇ ಸ್ಟಾಪು ಯಾವುದು?" ಎಂದಳು ಕೋಮಲ.

"ಮಣಿಪಾಲ."

"ಅಲ್ಲಿಗೇ."

ಮಕ್ಕಳಿಬ್ಬರಿಗೂ ಡ್ರೈವರ್ ಪಕ್ಕದ ಸೀಟು ಸಿಕ್ಕಿತು. ಮುಂದಿನ ಗಾಜಿನ ಮೇಲೆ ವೈಪರ್ ಆಡುವಾಗ ಒಂದು ಸಲ ಊರು ಕಾಣುತ್ತಿತ್ತು, ಒಂದು ಸಲ ಇಲ್ಲ. ಬೆಟ್ಟ ಹತ್ತುವಾಗ ಮಳೆನೀರು ರಸ್ತೆಯಲ್ಲಿ ಎದುರಿಗೆ ಹರಿದು ಬರುತ್ತಿತ್ತು. "ಬಸ್ಸು ಒಳೇಲಿ ಓಯ್ತಾ ಅದೆ!" ಎಂದು ಶಾಂತಿ ಕೂಗಿದಳು. ನೀರಲ್ಲಿ ಆಡಬೇಕೆಂಬ ಹಟ ಅವಳಿಗೆ ಮರೆತೇಹೋಗಿತ್ತು.

ಮಣಿಪಾಲದಲ್ಲಿ ಇಳಿದು, ಮಳೆಗೆ ಎಲ್ಲಿ ನುಗ್ಗುವುದೆಂದು ನೋಡಿದಾಗ ಕೋಮಲಳಿಗೆ ಅಲ್ಲಿನ ಮ್ಯೂಸಿಯಂ ನೆನಪಾಯಿತು. ವೈದ್ಯರಾಗುವವರಿಗೆ ಮನುಷ್ಯನ ದೇಹ ತೋರಿಸುವ ಜಾಗ, ಟಿಕೆಟ್ ತೆಗೆದುಕೊಂಡು ಯಾರಾದರೂ ನೋಡಬಹುದು.

"ಮಕ್ಳಿಗೆ ಇದೆಲ್ಲಾ ಯಾಕೆ?" ಎಂದ ಜಗನ್ ಬಾಗಿಲಲ್ಲೇ.

"ಅವ್ರ ಒಳಗೇ ಇರೋದು ತಾನೆ? ನೋಡ್ಲಿ."

ಒಳಗೆ ಆನೆಯ ಅಸ್ಥಿಪಂಜರ ನಿಂತಿತ್ತು. ಶಾಂತಿ ಅದರ ಪಕ್ಕೆಲುಬಿನ ಕೆಳಗಿಂದ ಮೇಲಕ್ಕೆ ನೋಡಿ, "ಇದ್ರ ಸೊಂಡಿಲೆಲ್ಲಿ?" ಎಂದಳು. ಸೊಂಡಿಲಿಗೆ ಮೂಳೆ ಇಲ್ಲ ಎಂದು ಕೋಮಲ ಹೇಳಿದಾಗ ಪುಟ್ಟಬಸವಯ್ಯನೂ ಬೆರಗಾದ. ಗಾಜಿನ ಜಾಡಿಗಳ ಮುಂದೆ ಕೋಮಲ ಒಂದೊಂದನ್ನೇ ವಿವರಿಸುತ್ತಾ ಹೋದಳು. ಇದು ಹೃದಯ, ಇದು ಪಿತ್ತಕೋಶ, ಇದು ಚೆನ್ನಾಗಿರುವ ಶ್ವಾಸಕೋಶ, ಇದು ಬೀಡಿ ಸೇದಿದವರದು. ಕಡೆಯದನ್ನು ಹೇಳುವಾಗ ಮಾವನ ಮುಖ ನೋಡಲಿಲ್ಲ. ಪುಟ್ಟಬಸವಯ್ಯ ಜೇಬು ಮುಟ್ಟಿ ನೋಡಿಕೊಂಡು ಮುಂದಿನ ಜಾಡಿಗೆ ಹೋದ. ಬೇರೆ ಊರಿನ ನಾಲ್ಕಾರು ಜನ ಸುತ್ತ ಸೇರಿ ಕೇಳಿಸಿಕೊಳ್ಳುತ್ತಿದ್ದರು. ಒಬ್ಬಾಕೆ ಸಾಕಮ್ಮನನ್ನು, "ಅವರು ಇಲ್ಲಿನ ಡಾಕ್ಟರಾ?" ಎಂದು ಕೇಳಿದಳು.

"ನಮ್ಮ ಸೊಸೆ," ಎಂದಳು ಸಾಕಮ್ಮ.

ಮೂಲೆಯ ಒಂದು ಸಾಲಿನಲ್ಲಿ, ಹೊಟ್ಟೆಯೊಳಗೆ ಕೂಸು ತಿಂಗಳು ತಿಂಗಳಿಗೆ ಹೇಗೆ ಬೆಳೆಯುತ್ತದೆಂದು ಜೋಡಿಸಿಟ್ಟಿದ್ದರು. ಪಲ್ಲವಿ ಬೆರಳಿಟ್ಟು ಎಣಿಸುತ್ತಾ ಮುಂದೆ ಹೋದಳು. ಸಾಕಮ್ಮ ಐದನೆಯ ತಿಂಗಳಿನ ಮುಂದೆ ನಿಂತಳು. ಮುಷ್ಟಿ ಕಟ್ಟಿದ ಕೈ, ಮುಚ್ಚಿದ ಕಣ್ಣು, ಅಂಗೈಯಷ್ಟಿದ್ದ ಬೆನ್ನು. ಉಳಿದವರೆಲ್ಲ ಮುಂದೆ ಹೋದರೂ ಅವಳು ಅಲ್ಲಾಡಲಿಲ್ಲ. ಕೋಮಲ ವಾಪಸು ಬಂದಳು.

"ಯಾಕತ್ತೆ? ತಲೆ ಸುತ್ತುತ್ತಾ?"

"ಇಷ್ಟೇ ಇತ್ತಾ?"

"ಯಾವುದು?"

"ಜಗ ಉಟ್ಟಕೆ ಮುಂಚೆ ಒಂದು ನಿಂತಿತ್ತು ಕಣವ್ವ. ಐದು ತುಂಬಿ ಆರಕ್ಕೆ ಬಿದ್ದಿತ್ತು. ಒಂದಿನ ಓಗ್ಬುಡ್ತು. ಸೂಲಗಿತ್ತಿ ಬಟ್ಟೇಲಿ ಸುತ್ತಿ ನಮ್ಮತ್ತೆ ಕೈಗೆ ಕೊಟ್ಲು. ನಂಗೆ ತೋರ್ಸನಿಲ್ಲ. ನೋಡ್ಬಾರ್ದು ಅಂದ್ರು." ಸಾಕಮ್ಮ ಗಾಜಿನ ಮೇಲೆ ಕೈ ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡಳು. "ಅದ್ರ ಮುಂಚಿನ ದಿನ ಒಳೆಯಿಂದ ತುಂಬಿದ ಬಿಂದ್ಗೆ ಒತ್ಕ ಬಂದಿದ್ದೆ. ಬ್ಯಾಡ ಅಂದಿದ್ರು. ನಾನ್ ಕೇಳ್ನಿಲ್ಲ. ಅದ್ಕೇ ಅಂಗಾಯ್ತು ಅಂದ್ರು ಎಲ್ಲಾ."

ಕೋಮಲ ಅತ್ತೆಯ ತೋಳು ಹಿಡಿದಳು. ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದಳು, ಗಟ್ಟಿಯಾಗಿ, ನಿಧಾನವಾಗಿ.

"ಬಿಂದ್ಗೆ ಹೊತ್ತಿದ್ದಕ್ಕೆ ಹಂಗಾಗಲ್ಲ ಅತ್ತೆ. ಆಗ ಊರಲ್ಲಿ ನೀರು ಹೊರದೆ ಇದ್ದ ಬಸುರಿ ಯಾರಿದ್ರು? ಕೂಸಿಗೇ ಏನೋ ತೊಂದರೆ ಇರಬೋದು, ನಿಮಗೆ ಸೋಂಕು ಇತ್ತೇನೋ, ಇನ್ನೇನಿತ್ತೋ. ಯಾಕಾಯ್ತು ಅಂತ ಇವತ್ತು ನನಗೆ ಹೇಳಕ್ಕಾಗಲ್ಲ. ನೀರು ಹೊತ್ತಿದ್ದಕ್ಕೆ ಆಗ್ಲಿಲ್ಲ ಅಂತ ಮಾತ್ರ ಹೇಳ್ತೀನಿ."

"ದಿಟ್ವಾಗ್ಲೂ?"

"ನಿಜ್ವಾಗ್ಲೂ ಅತ್ತೆ. ದಿನಾ ನೋಡ್ತೀನಿ."

ಅವರ ಹಿಂದೆ ಪುಟ್ಟಬಸವಯ್ಯ ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನು ಜಾಡಿಯನ್ನೇ ನೋಡುತ್ತಿದ್ದ.

"ಇಷ್ಟೇ ಇತ್ತು ಕಣ್ ಸಾಕಿ," ಎಂದ. "ನಾನೇ ತಾನೆ ಮಣ್ಣು ಮಾಡಿದ್ದು. ಗದ್ದೆ ಬದೀಲಿ, ಒಂಗೆ ಮರದ ತಾವ. ಎಣ್ಣು. ಬೆರಳಲ್ಲಿ ಉಗುರು ಬಂದಿದ್ವು."

ಸಾಕಮ್ಮ ಗಂಡನ ಕಡೆ ತಿರುಗಿದಳು. "ಇಷ್ಟು ವರ್ಸ ಒಂದ್ ಮಾತು ಯೋಳ್ನಿಲ್ವಲ್ಲ ನೀನು!"

"ನೀನು ಕೇಳ್ನಿಲ್ಲ."

"ಕೇಳ್ಬೌದು ಅಂತ ನಂಗೇನ್ ಗೊತ್ತು?"

ಅವಳ ದನಿ ಹಜಾರದ ಆ ತುದಿಯವರೆಗೂ ಹೋಯಿತು. ಜಗನ್ ಮಕ್ಕಳ ಕೈ ಹಿಡಿದು ಓಡಿಬಂದ. ಪುಟ್ಟಬಸವಯ್ಯ ತಲೆ ತಗ್ಗಿಸಿದ. ಬಯ್ಯಬೇಕೆಂದು ಬಾಯಿ ತೆರೆದ ಸಾಕಮ್ಮ ಅವನ ಹೆಗಲ ಮೇಲಿನ ಒದ್ದೆ ಟವೆಲನ್ನೇ ಎಳೆದುಕೊಂಡು ಮುಖ ಒರೆಸಿಕೊಂಡಳು.

"ಅಜ್ಜಿ ಯಾಕೆ ಅಳ್ತಾವ್ಳೆ?" ಎಂದಳು ಶಾಂತಿ.

"ನಿಮ್ಮತ್ತೆ ಒಬ್ಬಳಿದ್ಲು ಕಣವ್ವ, ನಿಮ್ಮಪ್ಪನ ಅಕ್ಕ," ಎಂದಳು ಸಾಕಮ್ಮ. ಆಮೇಲೆ ಮಗನಿಗೆ ಹೇಳಿದಳು: "ನಿಂಗೊಬ್ಳು ಅಕ್ಕ ಇದ್ಲು ಕಣ್ಲಾ."

ಈ ಸಲ ಜಗನ್ "ನೋಡುವ" ಎನ್ನಲಿಲ್ಲ. ತಾಯಿಯ ಪಕ್ಕ ಹೋಗಿ ಆ ಜಾಡಿಯನ್ನು ಬಗ್ಗಿ ನೋಡಿದ.

ಹೊರಗೆ ಕ್ಯಾಂಟೀನಿನಲ್ಲಿ ಬಿಸಿ ಗೋಳಿಬಜೆ, ಚಹ. ಸಾಕಮ್ಮ ಒಂದು ತಿಂದಳು, ಚೆನ್ನಾಗಿದೆ ಎಂದಳು, ಇನ್ನೊಂದು ತಟ್ಟೆ ತರಿಸಿದಳು. ತಿನ್ನುತ್ತಲೇ ಸೊಸೆಯನ್ನು ಕೇಳಿದಳು:

"ಈ ಟ್ರೈನಿಂಗಲ್ಲಿ ಇದ್ನೆಲ್ಲಾ ಯೋಳ್ಕೊಡ್ತಾರಾ? ಅಂಗಾಗ್ದಂಗೆ ನೋಡ್ಕಳಾದು?"

"ಅದನ್ನೇ ಅತ್ತೆ. ಯಾವ ಬಸುರಿಗೆ ಏನು ತೊಂದರೆ ಬರಬೋದು ಅಂತ ಮೊದ್ಲೇ ಗುರುತಿಸೋದು. ಬಂದ್ರೆ ಏನ್ಮಾಡ್ಬೇಕು ಅಂತ. ಮುಗಿದ್ಮೇಲೆ ನರಸೀಪುರದಲ್ಲಿ ಹೆರಿಗೆಗಳನ್ನ ನಾವೇ ನೋಡ್ಕೋಬೋದು."

"ಎಲ್ಲಾ ತಡ್ಯಕಾಯ್ತದಾ?"

"ಎಲ್ಲಾ ಆಗಲ್ಲ. ಎಷ್ಟೋ ಆಯ್ತವೆ."

ಸಾಕಮ್ಮ ಚಹ ಮುಗಿಸಿದಳು.

ಸಂಜೆ ಮಲ್ಪೆಗೆ ಬಂದಾಗ ಮಳೆ ಜಿನುಗುತ್ತಿತ್ತು. ಬಾವುಟದ ಈಚೆಗೆ ನಿಂತು ನೋಡಿ ಎಂದು ಕಾವಲಿನವನು ಬಿಟ್ಟ. ಪುಟ್ಟಬಸವಯ್ಯ ಚಪ್ಪಲಿ ಕಳಚಿ ಒದ್ದೆ ಮರಳಿನಲ್ಲಿ ನಿಂತ. ಮನೆಯೆತ್ತರದ ಅಲೆಗಳು ಎದ್ದು ಬೀಳುತ್ತಿದ್ದವು. "ಅಬ್ಬಾ," ಎಂದ. "ಇದ್ರ ಮುಂದೆ ನಮ್ ನಾಲೆ ಏನ್ ಮಹಾ!" ಮಕ್ಕಳು ಮರಳಿನಲ್ಲಿ ಗುಂಡಿ ತೋಡಿ, ಅದರಲ್ಲಿ ತುಂಬಿದ ಮಳೆನೀರಿನಲ್ಲೇ ಕುಣಿದರು. ಜಗನ್ ಪ್ಯಾಂಟು ಮಡಚಿ ಅವರ ಜೊತೆ ಸೇರಿಕೊಂಡ.

ಊರಿಗೆ ಬಂದ ಮೇಲೆ ಜಗಳ ನಿಲ್ಲಲಿಲ್ಲ, ಬೇರೆಯಾಯಿತು. ಕೋಮಲ ಹೋಗುವಳೋ ಬೇಡವೋ ಎಂಬ ಮಾತು ಹೋಗಿ, ಯಾರು ಏನು ಮಾಡಬೇಕೆಂಬ ಮಾತು ಬಂತು.

"ಮೊದಲ್ನೇ ಪಾಳಿ ಇರುವಾಗ ಮಕ್ಳನ್ನ ಬಸ್ಸಿಗೆ ಹತ್ಸೋದು ಯಾರು?" ಎಂದ ಜಗನ್.

"ನಿಮ್ಮಪ್ಪ," ಎಂದಳು ಸಾಕಮ್ಮ.

"ಆವತ್ತು ಗದ್ದೆಗೆ ನೀರು ಬುಡೋ ದಿನ ಆದ್ರೆ?" ಎಂದ ಪುಟ್ಟಬಸವಯ್ಯ.

"ನೀರಿಗೆ ಕಾಲಿದ್ದಾವಾ? ಅರ್ಧ ಗಂಟೆ ಕಾಯ್ತದೆ. ಜಗ, ನೀನು ಸಾರು ಮಾಡದು ಕಲಿ. ನೀನು ಮುದ್ದೆ ಕಲಿ," ಎಂದು ಗಂಡನಿಗೂ ಹೇಳಿದಳು ಸಾಕಮ್ಮ.

"ನೀನಿರ್ತೀಯಲ್ಲ, ಮತ್ತೆ ನಾವ್ಯಾಕೆ ಕಲಿಯದು?"

"ನಾನೂ ಓಯ್ತಾ ಇವ್ನಿ. ಒಂದ್ ತಿಂಗಳು. ಅಲ್ಲಿ ರೂಮು ಅದೂ ಇದೂ ಎಲ್ಲಾ ಒಂದ್ ಹದಕ್ಕೆ ಬರಗಂಟ ಅವ್ಳಿಗೆ ಅಡ್ಗೆ ಮಾಡಾಕೋರ್ಯಾರು? ಆ ಕರ್ಚೀಪ್ ದೋಸೆ ತಿಂದ್ಕ ಓದಕಾಯ್ತದಾ?"

ಕೋಮಲ ಅತ್ತೆಯ ಮುಖ ನೋಡಿದಳು. ಸಾಕಮ್ಮ ಅವರೆಕಾಯಿ ಸುಲಿಯುವುದರಲ್ಲಿ ಮಗ್ನಳಾಗಿದ್ದಳು.

ಮುಂದಿನ ಎರಡು ವಾರ ಆ ಮನೆಯ ಅಡುಗೆ ಗಂಡಸರದಾಯಿತು. ಜಗನ್‌ನ ಸಾರಿಗೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಪುಟ್ಟಬಸವಯ್ಯ ಮುದ್ದೆ ತಿರುವಿದರೆ ಗಂಟು. ಸಾಕಮ್ಮ ಬಾಗಿಲಲ್ಲಿ ನಿಂತು, "ಇನ್ನೂ ತಿರ್ವು, ಕೋಲು ತಳ ಮುಟ್ಲಿ," ಎಂದು ಹೇಳುವಳೇ ಹೊರತು ಕೈ ಹಾಕುತ್ತಿರಲಿಲ್ಲ. ಪಲ್ಲವಿ ಗಂಟುಗಳನ್ನು ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಸಾಲು ದಿನದಿನಕ್ಕೆ ಚಿಕ್ಕದಾಯಿತು.

ಒಂದು ಬೆಳಗ್ಗೆ ಪಕ್ಕದ ಮನೆ ದೇವೀರಮ್ಮ ಗೇಟಿನ ಬಳಿ ಬಂದು ನಿಂತಳು. "ಅಲ್ಲ ಸಾಕಮ್ಮ, ಎರಡು ಎಣ್ಣೈಕ್ಳನ್ನ ಬುಟ್ಟು ಅತ್ತೆ ಸೊಸೆ ಇಬ್ರೂ ಒಂಟವ್ರಂತೆ? ಎಲ್ಲಾರಾ ಉಂಟಾ?"

"ಅವ್ಕೆ ಅಪ್ಪ ಇಲ್ವಾ? ತಾತ ಇಲ್ವಾ?" ಎಂದಳು ಸಾಕಮ್ಮ. "ನಿನ್ ಮಗ್ಳು ಬಸುರಿ ಅಲ್ವಾ ದೇವೀರಿ? ಅವ್ಳ ಮುಂದಿನ ಎರಿಗೆಗೆ ನಮ್ಮ ಕೋಮಲ ಇರ್ತಾಳೆ. ಆಗ ಬಂದು ಕೇಳು."

ಹೊರಡುವ ದಿನ ಶಾಂತಿ ಅಳಬಾರದೆಂದು ಪಲ್ಲವಿ ಅವಳಿಗೆ ಎಷ್ಟೋ ಹೇಳಿಕೊಟ್ಟಿದ್ದಳು. ಬಸ್ಸು ಬಂದಾಗ ಅತ್ತದ್ದು ಪಲ್ಲವಿಯೇ. ಕೋಮಲ ಇಬ್ಬರನ್ನೂ ತಬ್ಬಿಕೊಂಡು, ಇಬ್ಬರ ಮುಖವನ್ನೂ ಒರೆಸಿ, ತನ್ನದನ್ನೂ ಒರೆಸಿಕೊಂಡು ಹತ್ತಿದಳು.

ಉಡುಪಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ರೂಮು, ಒಂದು ಅಡುಗೆಕಟ್ಟೆ. ಸಾಕಮ್ಮ ಮೊದಲ ದಿನವೇ ಮನೆ ಯಜಮಾನಿಯಿಂದ ಕುಚ್ಚಲಕ್ಕಿ ಬೇಯಿಸುವುದನ್ನು ಕಲಿತು, ಅವಳಿಗೆ ಮುದ್ದೆ ಕಲಿಸಿದಳು. ಸಂಜೆಯಾದರೆ ಊರಿಗೆ ಫೋನು. ಶಾಂತಿ ಹೇಳುತ್ತಿದ್ದಳು: "ತಾತನ ಮುದ್ದೇಲಿ ಇವತ್ತು ಗಂಟೇ ಇರ್ಲಿಲ್ಲ ಅಜ್ಜಿ. ಅಪ್ಪನ ಸಾರೇ ಸರಿ ಇರ್ಲಿಲ್ಲ."

ಎರಡನೆಯ ವಾರ ಕೋಮಲಳನ್ನು ಹೆರಿಗೆ ವಾರ್ಡಿಗೆ ಹಾಕಿದರು. ಆವತ್ತು ಅವಳು ಬಂದಾಗ ಕಾಲು ಊದಿತ್ತು, ಮುಖ ಮಾತ್ರ ಅರಳಿತ್ತು. ಸಾಕಮ್ಮ ತಟ್ಟೆ ಹಾಕಿದಳು.

"ಕಷ್ಟದ ಹೆರಿಗೆ ಅತ್ತೆ ಇವತ್ತು. ತಾಯಿಗೆ ಬೀಪಿ ಏರಿಬಿಟ್ಟಿತ್ತು. ಮೊದ್ಲೇ ಗೊತ್ತಾಯ್ತು, ಅದಕ್ಕೆ ಸರಿಹೋಯ್ತು. ನನ್ ಕೈಯಲ್ಲೇ ಹಿಡಿದೆ."

"ಏನ್ ಕೂಸು?"

"ಹೆಣ್ಣು."

ಸಾಕಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಳು.

"ತಾಯಿಗೆ ತೋರ್ಸುದ್ರಾ?"

"ಮೊದಲು ಅವಳಿಗೇ ಅತ್ತೆ. ಒರೆಸೋಕೂ ಮುಂಚೆ ಎದೆ ಮೇಲೆ ಮಲಗಿಸಿದ್ವಿ."

"ಸರಿ ಮತ್ತೆ," ಎಂದಳು ಸಾಕಮ್ಮ. "ಉಣ್ಣು. ನಾಳಿಕೆ ಬೇಗ್ನೆ ಓಗ್ಬೇಕು ನೀನು."